ಮಲಗಿ ಅಲೆಯೇರುವವರ ಬಳಗಕ್ಕೂ ಪತ್ರಿಕೆಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಕರಾವಳಿಯಲ್ಲಿ ನಡೆಯುವ ಸರ್ಫಿಂಗ್ ಸ್ಪರ್ಧೆಗಳ ವರದಿಗಳು ಈಚಿನ ವರ್ಷಗಳಲ್ಲಿ ತಮ್ಮ ಕ್ರೀಡಾಪುಟದಲ್ಲಿ ಕಾಣಿಸಿಕೊಳ್ಳುತ್ತಿರುವುದು ಸಂತೋಷದ ಸಂಗತಿ. ಮುಲ್ಕಿ, ಸಸಿಹಿತ್ಲುಗಳ ಹೆಸರು ಕೊಪ್ಪಳ, ರಾಯಚೂರು, ಬಳ್ಳಾರಿಯ ಓದುಗರಿಗೂ ಪರಿಚಿತವಾಗಿದ್ದರೆ ಅದರಲ್ಲಿ ಪತ್ರಿಕೆಗಳ ಪಾಲು ದೊಡ್ಡದು. ಆದರೆ ಆ ವರದಿಗಳಲ್ಲೆಲ್ಲ ಬರುವುದು ಹಲಗೆಯ ಮೇಲೆ ಎದ್ದು ನಿಂತವರ ಚಿತ್ರ ಮತ್ತು ಪದಕ ಗೆದ್ದವರ ಹೆಸರು ಮಾತ್ರ. ಮೊಳಕಾಲಿನಿಂದ ಎದೆಯವರೆಗಿನ ಉದ್ದದ ಚಿಕ್ಕ ಹಲಗೆಯೊಂದರ ಮೇಲೆ ಹೊಟ್ಟೆಯೂರಿ ಮಲಗಿ ಅಲೆಯ ಜೊತೆ ದಡಕ್ಕೆ ಜಾರಿ ಬರುವ ಆಟವೊಂದಿದೆ. ಹವಾಯಿ ದ್ವೀಪಗಳಲ್ಲಿ ಆ ಹಲಗೆಗೆ ಪೈಪೊ ಎನ್ನುತ್ತಾರೆ. ಅದರ ಬಗ್ಗೆ, ಅದಕ್ಕಿಂತ ಮುಖ್ಯವಾಗಿ ಅದರ ಸುತ್ತ ಬೆಳೆಯುವ ಸ್ನೇಹದ ಬಗ್ಗೆ, ಕನ್ನಡದ ಪತ್ರಿಕೆಗಳಲ್ಲಿ ನಾನು ಓದಿದ ನೆನಪಿಲ್ಲ. ಈ ಪತ್ರ ಆ ಕುರಿತಾಗಿ.

ತುಂಗಭದ್ರೆಯ ದಂಡೆಯ ಆನೆಗೊಂದಿಯಲ್ಲಿ ಕುಳಿತು ಸಮುದ್ರದ ಆಟದ ಬಗ್ಗೆ ಬರೆಯುವುದಕ್ಕೆ ಕಾರಣವಿದೆ. ಕೆಲವು ವರ್ಷ ನಾನು ದಕ್ಷಿಣ ಕನ್ನಡದ ಕರಾವಳಿಯ ಶಾಲೆಯೊಂದರಲ್ಲಿ ಶಿಕ್ಷಕನಾಗಿದ್ದೆ. ಭಾನುವಾರ ಬೆಳಿಗ್ಗೆ ಹಲಗೆ ಹಿಡಿದು ನೀರಿಗಿಳಿಯುತ್ತಿದ್ದ ಒಂದು ಗುಂಪು ನನ್ನನ್ನೂ ಸೇರಿಸಿಕೊಂಡಿತು. ಅದಕ್ಕೆ ಹೆಸರಿರಲಿಲ್ಲ, ಸದಸ್ಯತ್ವದ ಪುಸ್ತಕವಿರಲಿಲ್ಲ. ಮೀನುಗಾರರ ಮನೆಯ ಹುಡುಗರು, ಬ್ಯಾಂಕಿನ ನೌಕರರು, ಹೊಲಿಗೆ ಕೆಲಸದ ಒಬ್ಬ ಹೆಣ್ಣುಮಗಳು ಮತ್ತು ಆಕೆಯ ಮಗಳು, ಮಂಡಿನೋವಿನಿಂದ ನಿಂತು ಸರ್ಫ್ ಮಾಡುವುದನ್ನು ಬಿಟ್ಟು ಮಲಗಿ ಆಡಲು ಬಂದಿದ್ದ ಒಬ್ಬ ಹಿರಿಯರು, ಹೀಗೆ ಬೇರೆಲ್ಲೂ ಒಟ್ಟಾಗಿ ಕೂರಲು ಅವಕಾಶವಿಲ್ಲದವರು ಅಲ್ಲಿ ಒಂದೇ ನೀರಿನಲ್ಲಿ ನಿಂತಿರುತ್ತಿದ್ದರು. ಊರಿಗೆ ಮರಳಿದ ಮೇಲೂ ಆ ಗುಂಪಿನೊಂದಿಗಿನ ಒಡನಾಟ ಉಳಿದಿದೆ; ನಮ್ಮ ಭಾಗದ ಬಂಧುಗಳನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಅಲ್ಲಿಗೆ ಕರೆದೊಯ್ದಿದ್ದೇನೆ. ಹೋದವರೆಲ್ಲ ಮೊದಲು ಹೇಳುವುದು ಅಲೆಯ ವಿಷಯವನ್ನಲ್ಲ, ಪರಿಚಯವೇ ಇಲ್ಲದ ತಮ್ಮನ್ನು ಅಲ್ಲಿಯ ಜನ ನಡೆಸಿಕೊಂಡ ರೀತಿಯನ್ನು.

ಈ ಸ್ನೇಹಕ್ಕೆ ಜನರ ಒಳ್ಳೆಯತನವೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಆಟದ ಸ್ವರೂಪದಲ್ಲೇ ಅದಕ್ಕೆ ಆಸ್ಪದವಿದೆ. ಅಲೆಯ ಎತ್ತರಕ್ಕಿಂತ ನೀರಿನ ಆಳ ತುಸುವೇ ಹೆಚ್ಚಿರುವಲ್ಲಿ ಅಲೆ ಮುರಿಯುತ್ತದೆ. ಅಂದರೆ ಮೂರು ಅಡಿಯ ಅಲೆ ಸುಮಾರು ನಾಲ್ಕು ಅಡಿ ನೀರಿನಲ್ಲಿ ಮುರಿದು ನೊರೆಯಾಗುತ್ತದೆ. ಉದ್ದ ಹಲಗೆಯವರು ಅಲೆ ಮುರಿಯುವುದಕ್ಕಿಂತ ಆಚೆ, ಆಳದಲ್ಲಿ, ತಮ್ಮ ತಮ್ಮ ಹಲಗೆಯ ಮೇಲೆ ಕುಳಿತು ಕಾಯಬೇಕು. ಮಲಗಿ ಹೋಗುವ ಹೊಸಬರು ಸೊಂಟದಿಂದ ಎದೆಯವರೆಗಿನ ನೀರಿನಲ್ಲಿ, ಮರಳಿನ ಮೇಲೆ ಕಾಲೂರಿ, ಪಕ್ಕದವರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು ಕಾಯುತ್ತಾರೆ. ಕಾಯುವ ಹೊತ್ತು ಆಡುವ ಹೊತ್ತಿಗಿಂತ ಎಷ್ಟೋ ಹೆಚ್ಚು. ಅಷ್ಟು ಹೊತ್ತು ಪಕ್ಕದಲ್ಲಿ ನಿಂತವರು ಮಾತನಾಡದೆ ಇರಲಾರರು.

ಎರಡನೆಯದು, ನಿಂತು ಆಡುವವರಲ್ಲಿ ಒಂದು ಅಲೆಗೆ ಒಬ್ಬರೇ ಎಂಬ ಕಟ್ಟುನಿಟ್ಟಾದ ಮರ್ಯಾದೆಯಿದೆ. ಒಬ್ಬರು ಏರಿದ ಅಲೆಗೆ ಇನ್ನೊಬ್ಬರು ಅಡ್ಡ ಬಂದರೆ ಡಿಕ್ಕಿಯಾಗುತ್ತದೆ, ಜಗಳವೂ ಆಗುತ್ತದೆ. ಮುರಿದ ಅಲೆಯ ಮೇಲೆ ನೇರವಾಗಿ ದಡದ ಕಡೆಗೆ ಮಲಗಿ ಹೋಗುವಾಗ ನಾಲ್ಕೈದು ಜನ ತುಸು ಅಂತರ ಬಿಟ್ಟು ಸಾಲಾಗಿ ಹೋಗಬಹುದು. ಕಣ್ಣು ನೀರಿನ ಮಟ್ಟದಿಂದ ಗೇಣುದ್ದ ಮಾತ್ರ ಮೇಲಿರುವುದರಿಂದ ಮಂಡಿಯೆತ್ತರದ ಅಲೆಯೂ ದೊಡ್ಡದಾಗಿ ಕಾಣುತ್ತದೆ, ವೇಗವೂ ಇರುವುದಕ್ಕಿಂತ ಹೆಚ್ಚೆನಿಸುತ್ತದೆ. ಸಣ್ಣ ಅಲೆಯಲ್ಲೇ ತೃಪ್ತಿ ಸಿಗುವಾಗ ದೊಡ್ಡ ಅಲೆಗಾಗಿ ಯಾರೂ ಪೈಪೋಟಿ ನಡೆಸುವುದಿಲ್ಲ. ಪಕ್ಕದ ಹಲಗೆಯ ಮೇಲಿರುವ ಎಂಟು ವರ್ಷದ ಹುಡುಗಿಯ ನಗುವೂ ಈಚೆ ಬದಿಯ ಅರುವತ್ತರ ಹಿರಿಯರ ಕೂಗೂ ಒಂದೇ ಅಲೆಯ ಸದ್ದಿನಲ್ಲಿ ಕೇಳಿಬರುವ ಅನುಭವ ಬೇರೆ ಯಾವ ಆಟದಲ್ಲೂ ನನಗೆ ಸಿಕ್ಕಿಲ್ಲ.

ಹಲಗೆಗಳ ಅದಲುಬದಲು ಇನ್ನೊಂದು ಪದ್ಧತಿ. ಮರದ ಪೈಪೊಗಳಲ್ಲಿ ಹೆಚ್ಚಿನವು ಕೈಯಿಂದ ಮಾಡಿದವು. ಎರಡು ಹಲಗೆಗಳು ಒಂದೇ ತೆರನಾಗಿರುವುದು ಅಪರೂಪ. ಒಂದರ ಮೂತಿ ಮೇಲಕ್ಕೆ ಬಾಗಿರುತ್ತದೆ, ಇನ್ನೊಂದು ಚಪ್ಪಟೆ. ಒಂದರ ಅಂಚು ದುಂಡು, ಇನ್ನೊಂದರದು ಚೂಪು. ನಾಲ್ಕು ಅಲೆ ಆದಮೇಲೆ ‘ನಿನ್ನದನ್ನು ಕೊಡು ನೋಡೋಣ’ ಎಂದು ಒಬ್ಬರು ಕೈ ಚಾಚುವುದು, ಮರಳಿ ಬಂದು ‘ಇದರ ಹಿಂಬದಿ ತುಸು ಭಾರ, ಮುಂದಕ್ಕೆ ಸರಿದು ಮಲಗಬೇಕು’ ಎಂದು ಹೇಳುವುದು, ಅದಕ್ಕೆ ಮೂರನೆಯವರು ತಮ್ಮ ಅಭಿಪ್ರಾಯ ಸೇರಿಸುವುದು ನಡೆದೇ ಇರುತ್ತದೆ. ತನ್ನದೆಂಬ ಹಲಗೆಯೇ ಇಲ್ಲದೆ ಬಂದವರು ಕೂಡ ಬೆಳಗಿನ ಕೊನೆಗೆ ಮೂರು ನಾಲ್ಕು ಹಲಗೆಗಳ ಗುಣದೋಷ ಬಲ್ಲವರಾಗಿರುತ್ತಾರೆ. ಬೆಲೆಬಾಳುವ ಸಲಕರಣೆ ಕೊಂಡವರಿಗೆ ಮಾತ್ರ ತೆರೆಯುವ ಆಟಗಳ ನಡುವೆ ಇದನ್ನು ನಾನು ಬಹಳ ದೊಡ್ಡ ಗುಣವೆಂದು ಎಣಿಸುತ್ತೇನೆ.

ಮಲಗಿ ಆಡುವುದು ನಿಂತು ಆಡಲಾರದವರ ಕಲಿಕೆಯ ಹಂತವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಇತಿಹಾಸ ಬಲ್ಲವರು ಇದನ್ನು ಒಪ್ಪಲಾರರು. ಕ್ಯಾಪ್ಟನ್ ಜೇಮ್ಸ್ ಕುಕ್‌ನ ಹಡಗುಗಳು 1779ರಲ್ಲಿ ಹವಾಯಿಯ ಕೆಯಲಕೆಕುವಾ ಕೊಲ್ಲಿಯಲ್ಲಿ ಲಂಗರು ಹಾಕಿದ್ದಾಗ ಲೆಫ್ಟಿನೆಂಟ್ ಜೇಮ್ಸ್ ಕಿಂಗ್ ತನ್ನ ದಿನಚರಿಯಲ್ಲಿ ಅಲ್ಲಿಯ ಜನರ ಅಲೆಯಾಟವನ್ನು ವಿವರಿಸಿದ್ದಾನೆ: ಇಪ್ಪತ್ತು ಮೂವತ್ತು ಜನ ಒಟ್ಟಾಗಿ ಅಲೆಗಳ ಆಚೆಗೆ ಹೋಗುತ್ತಾರೆ, ಅಂಡಾಕಾರದ ಹಲಗೆಗಳ ಮೇಲೆ ಚಪ್ಪಟೆಯಾಗಿ ಮಲಗುತ್ತಾರೆ, ಕಾಲುಗಳನ್ನು ಜೋಡಿಸಿಕೊಂಡು ಕೈಗಳಿಂದ ಹಲಗೆಗೆ ದಿಕ್ಕು ತೋರಿಸುತ್ತಾರೆ. ಹವಾಯಿಯ ಅಲೆಯಾಟವನ್ನು ಕುರಿತ ಅತಿ ಹಳೆಯ ಬರಹಗಳಲ್ಲಿ ಒಂದಾದ ಇದರಲ್ಲಿ ಕಾಣುವುದು ಮಲಗಿರುವ ಜನ ಮತ್ತು ಅವರ ಗುಂಪು, ಎರಡೂ.

ಹವಾಯಿಯಲ್ಲಿ ಹದಿನಾಲ್ಕು ಅಡಿಗೂ ಮೀರಿದ ಓಲೊ ಎಂಬ ಭಾರಿ ಹಲಗೆಗಳು ಅರಸು ಮನೆತನದವರಿಗೆ ಸೇರಿದ್ದವೆಂದು ಹೇಳುತ್ತಾರೆ. ಮಕ್ಕಳಿಂದ ಮುದುಕರವರೆಗೆ ಎಲ್ಲರಿಗೂ ದಕ್ಕುತ್ತಿದ್ದುದು ಚಿಕ್ಕ ಹಲಗೆ. ಹೊನೊಲುಲುವಿನ ಬಿಷಪ್ ಸಂಗ್ರಹಾಲಯದಲ್ಲಿ ಹಳೆಯ ಹಲಗೆಗಳನ್ನು ಇಂದಿಗೂ ಕಾಪಾಡಿದ್ದಾರೆ. ಅವುಗಳಿಗೆ ಬಳಸುತ್ತಿದ್ದ ಮರಗಳು ನಮಗೆ ಪೂರ್ತಿ ಅಪರಿಚಿತವೂ ಅಲ್ಲ. ಅಲ್ಲಿಯ ಕೋವಾ ನಮ್ಮ ಬಯಲುಸೀಮೆಯ ಜಾಲಿಯ ದೂರದ ನೆಂಟ. ಹಗುರವಾದ ವಿಲಿವಿಲಿ ನಮ್ಮ ಹಾಲುವಾಣದ ಕುಲದ್ದು. ದೀವಿಹಲಸು ಕರಾವಳಿಯ ಹಿತ್ತಿಲುಗಳಲ್ಲಿ ಇದ್ದೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹೊರಗಿನಿಂದ ಬಂದ ರೋಗಗಳಿಗೆ ತುತ್ತಾಗಿ ಹವಾಯಿಯ ಮೂಲನಿವಾಸಿಗಳ ಸಂಖ್ಯೆ ಕುಸಿಯಿತು, 1820ರಿಂದ ಮಿಷನರಿಗಳ ಪ್ರಭಾವವೂ ಸೇರಿ ಹಳೆಯ ಆಟಪಾಟಗಳು ಕ್ಷೀಣಿಸಿದವು, ಅಲೆಯಾಟವೂ ಬಹುಮಟ್ಟಿಗೆ ಮರೆಯಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವೈಕಿಕಿ ಕಡಲತೀರದಲ್ಲಿ ಅದು ಮತ್ತೆ ಚಿಗುರಿದಾಗ ಚಿಕ್ಕ ಹಲಗೆಯ ಹುಡುಗರೂ ಅಲ್ಲಿದ್ದರು. ಮುಂದೆ ವಾಲಿ ಫ್ರೊಯಿಸೆತ್‌ನಂಥ ಪಳಗಿದ ಸರ್ಫರ್‌ಗಳೇ ಪ್ಲೈವುಡ್ಡಿನಲ್ಲಿ ಪೈಪೊಗಳನ್ನು ತಯಾರಿಸಿ ಕೊಟ್ಟರು.

ಇದು ಹವಾಯಿಗೆ ಸೀಮಿತವಾದ ಕಥೆಯಲ್ಲ. ಈಗಿನ ಘಾನಾದ ಅಕ್ರಾ ಊರಿನಲ್ಲಿ ಹುಡುಗರು ಹಗುರ ಹಲಗೆಗಳನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡು ಈಜಿ ಹೋಗಿ ಅಲೆಯ ಜೊತೆ ಮರಳುತ್ತಿದ್ದುದನ್ನು 1830ರ ದಶಕದಲ್ಲಿ ಜೇಮ್ಸ್ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಸೇನಾಧಿಕಾರಿ ಬರೆದಿಟ್ಟಿದ್ದಾನೆ. ಜಪಾನಿನ ಮೀನುಗಾರರ ಮಕ್ಕಳು ದೋಣಿಯ ತಳಕ್ಕೆ ಹಾಸುವ ಹಲಗೆಯನ್ನು ಎತ್ತಿಕೊಂಡು ಅದರ ಮೇಲೆ ಅಲೆ ಏರುತ್ತಿದ್ದರು. ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಮೊದಲ ಮಹಾಯುದ್ಧದ ನಂತರದ ದಶಕಗಳಲ್ಲಿ ತೆಳುವಾದ ಪ್ಲೈವುಡ್ ಹಲಗೆಗಳು ರಜೆಗೆ ಬಂದ ಸಾಮಾನ್ಯ ಕುಟುಂಬಗಳ ನಡುವೆ ಹರಡಿದವು. ಅಲ್ಲಿಯ ಚಾಪೆಲ್ ಪೋರ್ತ್ ಎಂಬ ಚಿಕ್ಕ ಕಡಲತೀರಕ್ಕೆ ಪ್ರತಿ ವರ್ಷ ತಪ್ಪದೆ ತಮ್ಮ ಮರದ ಹಲಗೆಯೊಂದಿಗೆ ಬರುತ್ತಿದ್ದ ಲಂಡನ್ನಿನ ಹಿರಿಯರೊಬ್ಬರು ತೀರಿಕೊಂಡಾಗ ಅವರ ನೆನಪಿಗೆಂದು ನಡೆಸಿದ ಸಣ್ಣ ಕೂಟವೇ ಮುಂದೆ ವಿಶ್ವ ಬೆಲ್ಲಿಬೋರ್ಡ್ (ಹೊಟ್ಟೆಯೂರಿ ಆಡುವ ಹಲಗೆ) ಸ್ಪರ್ಧೆಯಾಗಿ ಬೆಳೆಯಿತು. ಅಲ್ಲಿ ಮರದ ಹಲಗೆಗೆ ಮಾತ್ರ ಪ್ರವೇಶವಿತ್ತು. ಮನೆಯಲ್ಲಿ ಮಾಡಿ ತಂದ ಕೇಕುಗಳಿಗೂ ಬಹುಮಾನವಿತ್ತು. ಅಪ್ಪನ ಹಲಗೆಯನ್ನು ಮಗಳು, ಅಜ್ಜಿಯ ಹಲಗೆಯನ್ನು ಮೊಮ್ಮಗ ಹಿಡಿದು ಬರುವ ಇಂಥ ಕೂಟವೊಂದು ನಮ್ಮ ಕರಾವಳಿಯಲ್ಲೂ ನಡೆಯಬೇಕೆಂಬುದು ನನ್ನ ಬಹುದಿನದ ಆಸೆ.

ಇಂದು ಅಂಗಡಿಗಳಲ್ಲಿ ಸಿಗುವ ಮೆತ್ತನೆಯ ಫೋಮ್ ಹಲಗೆಯ ಹುಟ್ಟಿನಲ್ಲಿ ಪತ್ರಿಕೆಯೊಂದರ ಪಾಲೂ ಇದೆ. ಟಾಮ್ ಮೋರಿ ಎಂಬ ಅಮೆರಿಕನ್ ಸರ್ಫರ್ 1971ರಲ್ಲಿ ಹವಾಯಿಯಲ್ಲಿದ್ದಾಗ ಫೋಮ್ ತುಂಡೊಂದನ್ನು ವಿದ್ಯುತ್ ಚಾಕುವಿನಿಂದ ಕತ್ತರಿಸಿ, ಮೇಲೆ ಹೊನೊಲುಲುವಿನ ದಿನಪತ್ರಿಕೆಯ ಹಾಳೆ ಹಾಸಿ, ಬಟ್ಟೆಗೆ ಹಾಕುವ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ನಯಗೊಳಿಸಿದ. ಹಾಳೆಯ ಅಕ್ಷರಗಳು ಫೋಮಿನ ಮೇಲೆ ಮೂಡಿಕೊಂಡವು. ಆ ಹಲಗೆಯೇ ಬೂಗಿಬೋರ್ಡ್ ಎಂದು ಜಗತ್ತಿನಾದ್ಯಂತ ಮಾರಾಟವಾಯಿತು, ಅಲೆಯ ರುಚಿಯನ್ನು ಲಕ್ಷಾಂತರ ಮಕ್ಕಳಿಗೆ ತಲುಪಿಸಿತು. ತಲೆಗೆ ಬಡಿದರೂ ಗಾಯವಾಗುವ ಸಂಭವ ಕಡಿಮೆಯಿರುವ ಫೋಮ್ ಹಲಗೆಯೇ ಹೊಸಬರಿಗೆ ಸೂಕ್ತವೆಂದು ನಾನೂ ಹೇಳುತ್ತೇನೆ. ಆದರೂ ಮರದ ಹಲಗೆಯ ಸುತ್ತ ನಡೆಯುವ ಮಾತುಕತೆ, ಕೊಡುಕೊಳ್ಳುವಿಕೆ ಕಾರ್ಖಾನೆಯ ಹಲಗೆಯ ಸುತ್ತ ಅಷ್ಟಾಗಿ ನಡೆಯುವುದಿಲ್ಲ.

ಮರದ ಹಲಗೆಯೊಂದನ್ನು ನಮ್ಮಲ್ಲೇ ಮಾಡಿಸಿದ ಅನುಭವ ನನಗಿದೆ. ಗಂಗಾವತಿಯ ಬಡಗಿಯೊಬ್ಬರು, ಬಾಗಿಲು ಕಿಟಕಿಗಳನ್ನು ಮಾಡುವವರು, ನಾನು ಬರೆದುಕೊಟ್ಟ ಚಿತ್ರವನ್ನು ಬಹಳ ಹೊತ್ತು ನೋಡಿ ಕೆಲಸಕ್ಕೆ ಒಪ್ಪಿದರು. ನೀರು ತಾಳುವ ಮರೈನ್ ಪ್ಲೈವುಡ್ಡನ್ನು ನಾಲ್ಕು ಅಡಿಗೆ ತುಸು ಕಡಿಮೆ ಉದ್ದಕ್ಕೆ ಕೊಯ್ದು, ಮುಂದಿನ ಗೇಣಗಲದ ಭಾಗದ ಮೇಲೆ ಗೋಣಿತಾಟು ಹಾಕಿ ಕುದಿನೀರು ಸುರಿಯುತ್ತ ಮೆತ್ತಗಾಗಿಸಿದರು. ಅಡಿಯಲ್ಲಿ ರೀಪು ಕೊಟ್ಟು, ಹಿಂದೆ ಕಲ್ಲು ಹೇರಿ, ಮೂತಿ ಮೇಲೆ ನಿಲ್ಲುವಂತೆ ಕಟ್ಟಿ ರಾತ್ರಿಯಿಡೀ ಬಿಟ್ಟರು. ಮರುದಿನ ಅಂಚುಗಳಿಗೆ ಉಜ್ಜುಗೊರಡು ಹಿಡಿದು, ಅಂಗೈಯಿಂದ ಸವರಿ ಸವರಿ ಎಲ್ಲೂ ಸಿಬಿರು ಚುಚ್ಚದಂತೆ ಉಜ್ಜುಕಾಗದ ಆಡಿಸಿ, ವಾರ್ನಿಷ್ ಬಳಿದರು. ಕರಾವಳಿಯ ಗೆಳೆಯರ ಕೈಗೆ ಆ ಹಲಗೆ ಹೋದಾಗ ಅವರು ಮೊದಲು ಕೇಳಿದ್ದು ಮಾಡಿದವರ ಬಗ್ಗೆ. ಮುಂದಿನ ಸಲ ಅವರನ್ನೂ ಕರೆತರಬೇಕೆಂದು ಪಟ್ಟು ಹಿಡಿದರು. ಬಡಗಿಯವರು ಕುಟುಂಬ ಸಮೇತ ಬಂದರು, ತಾವು ಮಾಡಿದ ಹಲಗೆಯ ಮೇಲೆ ತಾವೇ ಮಲಗಿ ಬಂದರು. ಹಗುರ ಮರದಲ್ಲಿ ಗೊಂಬೆ ಕೆತ್ತುವ ಕಿನ್ನಾಳದ ಚಿತ್ರಗಾರರಂಥ ಕುಶಲಕರ್ಮಿಗಳಿರುವ ಜಿಲ್ಲೆ ನಮ್ಮದು. ಕರಾವಳಿಯ ಆಟಕ್ಕೆ ಒಳನಾಡಿನ ಕೈಗಳು ಹಲಗೆ ಮಾಡಿಕೊಡುವುದು ದೂರದ ಮಾತಾಗಬೇಕಿಲ್ಲ.

ನೀರಿನ ಒಡನಾಟ ನಮ್ಮ ಭಾಗಕ್ಕೆ ಹೊಸದೂ ಅಲ್ಲ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ 1520ರ ಸುಮಾರಿಗೆ ವಿಜಯನಗರವನ್ನು ನೋಡಿದಾಗ ಆನೆಗೊಂದಿಯ ಕಡೆಗೆ ಜನ ದಾಟುತ್ತಿದ್ದ ಹರಗೋಲುಗಳನ್ನು ಕಂಡಿದ್ದ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ಕುದುರೆ ಎತ್ತುಗಳನ್ನೂ ಸಾಗಿಸುತ್ತಾರೆ ಎಂದು ಬರೆದ. ರಾಯಚೂರಿನ ಕಡೆ ಕೃಷ್ಣೆಯ ನಡುಗಡ್ಡೆಗಳ ಜನರಿಗೂ ಹರಗೋಲೇ ಆಧಾರವಾಗಿತ್ತು. ಸೊಂಟಕ್ಕೆ ಒಣಗಿದ ಸೋರೆಬುರುಡೆ ಅಥವಾ ಬೆಂಡು ಕಟ್ಟಿ ಬಾವಿಗಿಳಿಸಿ ಈಜು ಕಲಿಸುತ್ತಿದ್ದ ಹಿರಿಯರು ಊರೂರಿನಲ್ಲಿದ್ದರು; ಕಲಿತ ಹುಡುಗ ಮುಂದಿನ ಬೇಸಿಗೆಗೆ ತನಗಿಂತ ಕಿರಿಯನಿಗೆ ಹಗ್ಗ ಹಿಡಿಯುತ್ತಿದ್ದ. ಬಾವಿಗಳು ಬತ್ತಿ, ಕೊಳವೆಬಾವಿಗಳು ಬಂದಮೇಲೆ ಆ ಕೈಸರಪಳಿ ಬಹಳ ಕಡೆ ಕಡಿದಿದೆ. ಈಗಿನ ಹುಡುಗರು ಬೇಸಿಗೆಯಲ್ಲಿ ಹೇಳುವವರು ಕೇಳುವವರಿಲ್ಲದೆ ಕಾಲುವೆಗೆ ಹಾರುತ್ತಾರೆ, ಅದರ ಪರಿಣಾಮವನ್ನು ನಾವು ತಮ್ಮ ಪತ್ರಿಕೆಯ ಜಿಲ್ಲಾಪುಟದಲ್ಲೇ ಓದುತ್ತೇವೆ. ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕು: ನಾನು ವರ್ಣಿಸುತ್ತಿರುವ ಹಲಗೆ ಅಲೆಯ ಆಟಕ್ಕೆ ಮಾತ್ರ. ತುಂಗಭದ್ರಾ ಕಾಲುವೆಯ ಓಟದಲ್ಲಾಗಲಿ, ಬಂಡೆಗಳ ನಡುವಿನ ನದಿಯ ಸುಳಿಗಳಲ್ಲಾಗಲಿ ಅದನ್ನು ಹಿಡಿದು ಯಾರೂ ಇಳಿಯಬಾರದು.

ನಮ್ಮ ಮೂರು ಜಿಲ್ಲೆಗಳಿಂದ ದಸರೆ, ದೀಪಾವಳಿ, ಡಿಸೆಂಬರ್ ರಜೆಗಳಲ್ಲಿ ಗೋಕರ್ಣ, ಮುರುಡೇಶ್ವರ, ಮಲ್ಪೆಗಳಿಗೆ ಹೊರಡುವ ಬಸ್ಸುಗಳನ್ನು ಬಲ್ಲವರಿಗೆ ನನ್ನ ಕಾಳಜಿ ಅರ್ಥವಾದೀತು. ವರ್ಷಕ್ಕೊಮ್ಮೆ ಸಮುದ್ರ ಕಾಣುವ ನಮ್ಮ ಜನ ಒಂದೋ ಪಾದ ನೆನೆಸಿ ಫೋಟೊ ತೆಗೆಸಿಕೊಂಡು ಮರಳುತ್ತಾರೆ, ಇಲ್ಲವೇ ಕೆರೆಯ ನೀರೆಂಬಂತೆ ನುಗ್ಗುತ್ತಾರೆ. ಸಮುದ್ರದಲ್ಲಿ ಅಲೆ ದಡಕ್ಕೆ ತಂದ ನೀರು ಕೆಲವು ಜಾಗಗಳಲ್ಲಿ ಇಕ್ಕಟ್ಟಾದ ದಾರಿಯಲ್ಲಿ ಒಳಕ್ಕೆ ಮರಳುತ್ತದೆ. ಅಲೆ ಮುರಿಯದೆ ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಆ ಸೆಳೆತದ ಬಾಯಿಯಾಗಿರುತ್ತದೆ. ಸಿಕ್ಕಿಬಿದ್ದವರು ಸೆಳೆತಕ್ಕೆ ಎದುರಾಗಿ ಈಜಿ ದಣಿಯದೆ, ತೇಲುತ್ತ ಕೈಯೆತ್ತಿ ಸಹಾಯ ಕೇಳಬೇಕು, ಈಜಬಲ್ಲವರು ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಇದನ್ನು ಫಲಕ ಓದಿ ಕಲಿಯುವುದಕ್ಕಿಂತ, ಪಕ್ಕದಲ್ಲಿ ನಿಂತ ಅನುಭವಿಯೊಬ್ಬರು ನೀರನ್ನೇ ಬೆರಳಿಟ್ಟು ತೋರಿಸಿದಾಗ ಮನಸ್ಸಿನಲ್ಲಿ ಉಳಿಯುತ್ತದೆ. ನಮ್ಮ ಗುಂಪಿನಲ್ಲಿ ನೀರಿಗಿಳಿಯುವ ಮುನ್ನ ಎಲ್ಲರೂ ದಡದಲ್ಲಿ ನಿಂತು ಸ್ವಲ್ಪ ಹೊತ್ತು ಅಲೆಗಳನ್ನು ನೋಡುತ್ತಿದ್ದೆವು. ಹೊಸಬರಿಗೆ ಒಬ್ಬರನ್ನು ಜೊತೆಗಿಡುತ್ತಿದ್ದೆವು. ಯಾರು ದಡಕ್ಕೆ ಹೋಗುವುದಿದ್ದರೂ ಹೇಳಿಯೇ ಹೋಗಬೇಕಿತ್ತು. ಒಬ್ಬರು ಕಾಣದಿದ್ದರೆ ಉಳಿದವರೆಲ್ಲ ಆಟ ನಿಲ್ಲಿಸಿ ಎಣಿಸುತ್ತಿದ್ದರು. ಸ್ನೇಹವೇ ಅಲ್ಲಿ ಅರ್ಧ ಜೀವರಕ್ಷಕ.

ಆದ್ದರಿಂದ ನನ್ನ ಕೋರಿಕೆಗಳು ಇವು. ಕರಾವಳಿಯ ಸರ್ಫಿಂಗ್ ತರಬೇತಿ ನೀಡುವವರು ಒಂದು ದಿನಕ್ಕೆಂದು ಬರುವ ಒಳನಾಡಿನ ಕುಟುಂಬಗಳಿಗೆ, ವಿಶೇಷವಾಗಿ ಶಾಲಾ ಪ್ರವಾಸದ ಮಕ್ಕಳಿಗೆ, ಸೊಂಟದ ನೀರಿನಲ್ಲಿ ಮಲಗಿ ಆಡುವ ಚಿಕ್ಕ ಹಲಗೆಗಳನ್ನೂ ಜೊತೆಗೊಬ್ಬ ಮಾರ್ಗದರ್ಶಕರನ್ನೂ ಕಡಿಮೆ ದರದಲ್ಲಿ ಒದಗಿಸಬೇಕು. ಎದ್ದು ನಿಲ್ಲುವುದನ್ನು ಕಲಿಸುವ ಪಾಠ ಅರ್ಧ ದಿನದಲ್ಲಿ ಬಹುಮಂದಿಗೆ ದಕ್ಕದು, ಮಲಗಿ ಬರುವುದು ಮೊದಲ ಗಂಟೆಯಲ್ಲೇ ದಕ್ಕುತ್ತದೆ. ಪ್ರವಾಸೋದ್ಯಮ ಇಲಾಖೆ ಜೀವರಕ್ಷಕರಿರುವ ತೀರಗಳಲ್ಲಿ ಇದಕ್ಕೆಂದೇ ಬಾವುಟ ನೆಟ್ಟು ಜಾಗ ಗುರುತಿಸಬೇಕು. ನಮ್ಮ ಭಾಗದ ಶಾಲೆಗಳು ಸಮುದ್ರ ಪ್ರವಾಸಕ್ಕೆ ಹೊರಡುವ ಮುನ್ನ ಜಿಲ್ಲಾ ಕೇಂದ್ರದ ಈಜುಕೊಳದಲ್ಲಾದರೂ ಮಕ್ಕಳಿಗೆ ತೇಲುವುದನ್ನು ಕಲಿಸಬೇಕು, ಶಿಕ್ಷಕರಿಗೆ ಸೆಳೆತ ಗುರುತಿಸುವ ತಿಳಿವಳಿಕೆ ಕೊಡಬೇಕು. ಮಳೆಗಾಲದಲ್ಲಿ ಇದಾವುದೂ ಸಲ್ಲದು. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದ ಯಂತ್ರದೋಣಿಗಳೇ ಕಡಲಿಗೆ ಇಳಿಯುವುದಿಲ್ಲ, ಆಗಸ್ಟ್‌ನಲ್ಲೂ ಅಲೆಗಳ ಅಬ್ಬರ ತಗ್ಗಿರುವುದಿಲ್ಲ.

ತಮ್ಮಲ್ಲಿ ವಿಶೇಷವಾಗಿ ಕೇಳುವುದೆಂದರೆ, ಮುಂದಿನ ಸ್ಪರ್ಧೆಯ ವರದಿಗೆ ತಮ್ಮ ಪ್ರತಿನಿಧಿ ಕರಾವಳಿಗೆ ಹೋದಾಗ ವೇದಿಕೆಯಿಂದ ತುಸು ದೂರ ನಡೆದು, ದಡದ ನೊರೆಯಲ್ಲಿ ಹಲಗೆ ಬದಲಾಯಿಸಿಕೊಳ್ಳುತ್ತ ನಿಂತಿರುವ ಜನರನ್ನೂ ಮಾತನಾಡಿಸಲಿ, ಅವರ ಚಿತ್ರವನ್ನೂ ಪ್ರಕಟಿಸಲಿ. ಮಳೆಗಾಲ ಮುಗಿದು ಶಾಲಾ ಪ್ರವಾಸಗಳು ನಿಗದಿಯಾಗುವ ಮೊದಲೇ, ಅಕ್ಟೋಬರ್ ಆರಂಭದೊಳಗೆ, ಅಂಥದೊಂದು ಲೇಖನ ಕಲ್ಯಾಣ ಕರ್ನಾಟಕದ ಆವೃತ್ತಿಯಲ್ಲೂ ಬಂದರೆ ಇಲ್ಲಿಯ ಮುಖ್ಯೋಪಾಧ್ಯಾಯರಿಗೂ ಪಾಲಕರಿಗೂ ತೀರ್ಮಾನ ಕೈಗೊಳ್ಳಲು ಸಮಯವಿರುತ್ತದೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಆನೆಗೊಂದಿ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ